ಶೀರ್ ಖುರ್ಮಾ: ಹಾಲು, ಉತ್ತತ್ತಿ ಮತ್ತು ನೆರೆಮನೆಯ ನಂಟು

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪಟ್ಟಣಗಳಲ್ಲಿ ರಂಜಾನ್ ಹಬ್ಬದ ಬೆಳಗು ಆರಂಭವಾಗುವುದು ಹಿಂದಿನ ರಾತ್ರಿಯಿಂದಲೇ. ಆಕಾಶದಲ್ಲಿ ಚಂದ್ರದರ್ಶನವಾಯಿತೆಂಬ ಸುದ್ದಿ ತಲುಪಿದೊಡನೆ ಮನೆಮನೆಯ ಅಡುಗೆಕೋಣೆಯಲ್ಲಿ ಉತ್ತತ್ತಿ ನೀರಿಗೆ ಬೀಳುತ್ತದೆ, ಬದಾಮಿ ನೆನೆಯುತ್ತದೆ, ಹಾಲಿಗಾಗಿ ದೊಡ್ಡ ಪಾತ್ರೆಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಮರುದಿನ ಈದ್ಗಾದಲ್ಲಿ ಪ್ರಾರ್ಥನೆ ಮುಗಿಸಿ ಬಂದವರ ಕೈಗೆ ಬರುವ ಮೊದಲ ಬಟ್ಟಲು ಶೀರ್ ಖುರ್ಮಾ.

ಒಣಹಣ್ಣು ಮತ್ತು ಬೀಜಗಳನ್ನು ಹಾಲಿನಲ್ಲಿ ಬೇಯಿಸಿ ತಯಾರಿಸುವ ಈ ಸಿಹಿ ದಖ್ಖನಿನ ಹಬ್ಬದೂಟದ ಹೆಗ್ಗುರುತು. ಉತ್ತರ ಕರ್ನಾಟಕದ ಹಲವೆಡೆ ಇದೇ ಸಿಹಿ ಜನರ ನಾಲಿಗೆಯಲ್ಲಿ ‘ಸುರಕುಂಬಾ’ ಆಗಿದೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಇದರ ಸ್ವರೂಪ ಸದ್ದಿಲ್ಲದೆ ಬದಲಾಗುತ್ತಿದೆ. ಪೊಟ್ಟಣದ ಶಾವಿಗೆಯನ್ನು ಸಿಹಿ ಹಾಲಿನಲ್ಲಿ ಕುದಿಸಿ, ಮೇಲೆ ನಾಲ್ಕು ಗೋಡಂಬಿ ಉದುರಿಸಿ, ಅದನ್ನೇ ಶೀರ್ ಖುರ್ಮಾ ಎಂದು ಕರೆಯುವುದು ನಗರಗಳಲ್ಲಿ ರೂಢಿಯಾಗಿದೆ. ಅದು ರುಚಿಕರವಾದ ಶಾವಿಗೆ ಪಾಯಸವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಶೀರ್ ಖುರ್ಮಾ ಅಲ್ಲ. ಏಕೆಂದರೆ ಇದರ ಜೀವ ಇರುವುದು ಶಾವಿಗೆಯಲ್ಲಲ್ಲ, ಉತ್ತತ್ತಿಯಲ್ಲಿ.

ಹೆಸರಿನಲ್ಲೇ ಇದೆ ಪಾಕ

‘ಶೀರ್’ ಎಂದರೆ ಪಾರಸಿ ಭಾಷೆಯಲ್ಲಿ ಹಾಲು, ‘ಖುರ್ಮಾ’ ಎಂದರೆ ಖರ್ಜೂರ. ಹಾಲು-ಖರ್ಜೂರ ಎಂಬುದಷ್ಟೇ ಈ ಹೆಸರಿನ ಅರ್ಥ. ಶಾವಿಗೆಯ ಪ್ರಸ್ತಾಪ ಹೆಸರಿನಲ್ಲಿ ಎಲ್ಲಿಯೂ ಇಲ್ಲ ಎಂಬುದು ಗಮನಾರ್ಹ. ಪಾರಸಿಯ ‘ಶೀರ್’ ಮತ್ತು ಸಂಸ್ಕೃತದ ‘ಕ್ಷೀರ’ ಒಂದೇ ಮೂಲದಿಂದ ಕವಲೊಡೆದ ಪದಗಳೆಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಹಾಗಾಗಿ ಕನ್ನಡಿಗರ ಕಿವಿಗೆ ಈ ಹೆಸರು ತೀರ ಪರಕೀಯವೇನೂ ಅಲ್ಲ.

ಖರ್ಜೂರಕ್ಕೆ ಈ ಹಬ್ಬದಲ್ಲಿ ಇಷ್ಟು ಮಹತ್ವವೇಕೆ? ರಂಜಾನ್ ತಿಂಗಳ ಉಪವಾಸವನ್ನು ಪ್ರತಿದಿನ ಸಂಜೆ ಖರ್ಜೂರ ತಿಂದು ಬಿಡುವುದು ವಾಡಿಕೆ. ಈದುಲ್ ಫಿತ್ರ್ ದಿನ ಪ್ರಾರ್ಥನೆಗೆ ತೆರಳುವ ಮುನ್ನ ಪ್ರವಾದಿ ಮುಹಮ್ಮದರು ಬೆಸ ಸಂಖ್ಯೆಯ ಖರ್ಜೂರಗಳನ್ನು ತಿನ್ನುತ್ತಿದ್ದರೆಂದು ಹದೀಸ್‌ನಲ್ಲಿ ಉಲ್ಲೇಖವಿದೆ. ತಿಂಗಳ ಉಪವಾಸ ಮುಗಿಯಿತೆಂಬುದನ್ನು ಸಾರುವ ಮೊದಲ ತುತ್ತು ಸಿಹಿಯಾಗಿರಬೇಕು, ಅದರಲ್ಲಿ ಖರ್ಜೂರವಿರಬೇಕು ಎಂಬ ಆಚರಣೆಯೇ ದಖ್ಖನಿನ ಅಡುಗೆಮನೆಯಲ್ಲಿ ಹಾಲಿನೊಡನೆ ಕೂಡಿಕೊಂಡಿದೆ.

ಕಲ್ಯಾಣದ ನೆಲ, ದಖ್ಖನಿನ ರುಚಿ

ಬಸವಕಲ್ಯಾಣ ಒಂದು ಕಾಲಕ್ಕೆ ಕಲ್ಯಾಣದ ಚಾಲುಕ್ಯರ ರಾಜಧಾನಿ. ಇಲ್ಲಿಂದ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ವಿಶ್ವಕೋಶದಂತಹ ಕೃತಿ. ಅದರ ‘ಅನ್ನಭೋಗ’ ಭಾಗ ಭಾರತೀಯ ಪಾಕಶಾಸ್ತ್ರದ ಇತಿಹಾಸ ಬರೆಯುವವರು ತಪ್ಪದೆ ಪರಾಮರ್ಶಿಸುವ ಆಕರ. ಅದೇ ಶತಮಾನದಲ್ಲಿ ಬಸವಣ್ಣನವರು ಮತ್ತು ಶರಣರು ಇದೇ ಊರಿನಲ್ಲಿ ದಾಸೋಹದ ಪರಿಕಲ್ಪನೆಗೆ ಹೊಸ ಅರ್ಥ ತಂದುಕೊಟ್ಟರು. ಹಂಚಿ ಉಣ್ಣುವುದು ಇಲ್ಲಿನ ಮಣ್ಣಿಗೆ ಹೊಸದಲ್ಲ.

ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸ್ಥಳಾಂತರಿಸಿದ ನಂತರ ಈ ಭಾಗಕ್ಕೆ ಪಾರಸಿಕರ ಸಂಪರ್ಕ ಗಾಢವಾಯಿತು. ಪರ್ಶಿಯಾದ ಗಿಲಾನ್ ಪ್ರಾಂತದಿಂದ ಬಂದು ಬಹಮನಿ ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾ ಆ ನಂಟಿನ ಸಾಕ್ಷಿಯಾಗಿ ಇಂದಿಗೂ ನಿಂತಿದೆ. ಮುಂದೆ ಈ ಪ್ರದೇಶ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಒಳಪಟ್ಟಿತು. ಆಗ ‘ಕಲ್ಯಾಣಿ’ ಎನಿಸಿಕೊಂಡಿದ್ದ ಬಸವಕಲ್ಯಾಣ ನವಾಬರ ಜಹಗೀರಾಗಿತ್ತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತ ಬದಲಾದರೂ ಅಡುಗೆ ಬದಲಾಗಲಿಲ್ಲ. ಹೈದರಾಬಾದಿನ ಔತಣಗಳಲ್ಲಿ ಪ್ರಸಿದ್ಧವಾದ, ಒಣ ಜರ್ದಾಳು ಹಣ್ಣಿನಿಂದ ಮಾಡುವ ‘ಖುಬಾನಿ ಕಾ ಮೀಠಾ’ ಮತ್ತು ಶೀರ್ ಖುರ್ಮಾ ಎರಡೂ ಈ ದಖ್ಖನೀ ಪರಂಪರೆಯ ಒಣಹಣ್ಣಿನ ಸಿಹಿಗಳೇ.

ಪುಣೆ-ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಹುಮನಾಬಾದ್ ಇನ್ನೊಂದು ಬಗೆಯಲ್ಲಿ ಈ ಕಥೆಗೆ ಸೇರುತ್ತದೆ. ಪಟ್ಟಣಕ್ಕೆ ಹೊಂದಿಕೊಂಡ ಮಾಣಿಕನಗರದಲ್ಲಿ ನೆಲೆಸಿದ್ದ ಮಾಣಿಕಪ್ರಭುಗಳು (1817-1865) ಎಲ್ಲ ಮತಗಳೂ ಒಂದೇ ಸತ್ಯದತ್ತ ಸಾಗುತ್ತವೆಂದು ಸಾರುವ ‘ಸಕಲಮತ’ ಸಂಪ್ರದಾಯದ ಪ್ರವರ್ತಕರು. ಹಿಂದೂ ಮುಸ್ಲಿಮರಿಬ್ಬರೂ ಅವರ ಭಕ್ತರಾಗಿದ್ದರು. ಹೀಗೆ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಬೆರೆತ ಈ ಗಡಿಸೀಮೆಯಲ್ಲಿ ಒಂದು ಮನೆಯ ಹಬ್ಬದ ಸಿಹಿ ಆ ಮನೆಯ ಹೊಸ್ತಿಲೊಳಗೇ ಉಳಿದುಬಿಡುವುದು ಅಪರೂಪ.

ಉತ್ತತ್ತಿ: ಎಲ್ಲರ ಮನೆಯ ಒಣಹಣ್ಣು

ಕನ್ನಡದಲ್ಲಿ ಉತ್ತತ್ತಿ, ಮರಾಠಿಯಲ್ಲಿ ಖಾರೀಕ್, ಉರ್ದುವಿನಲ್ಲಿ ಛುಹಾರಾ. ಮೂರೂ ಒಂದೇ. ಇದು ತಾನಾಗಿ ಒಣಗಿ ಗಟ್ಟಿಯಾದ ಖರ್ಜೂರವಲ್ಲ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಖರ್ಜೂರದ ಕಾಯಿ ಪೂರ್ಣ ಬಲಿತು, ಇನ್ನೂ ಮೆತ್ತಗಾಗುವ ಮೊದಲೇ ಕೊಯ್ದು, ನೀರಿನಲ್ಲಿ ಕುದಿಸಿ, ಬಿಸಿಲಿನಲ್ಲಿ ಹಲವು ದಿನ ಒಣಗಿಸಿದಾಗ ಉತ್ತತ್ತಿ ಸಿದ್ಧವಾಗುತ್ತದೆ. ಆದ್ದರಿಂದಲೇ ಅದರ ತಿರುಳು ಬಿಗಿಯಾಗಿದ್ದು, ಗಂಟೆಗಟ್ಟಲೆ ಹಾಲಿನಲ್ಲಿ ಬೆಂದರೂ ಕರಗಿಹೋಗದೆ, ಹಲ್ಲಿಗೆ ಸಿಗುವಂತೆ ಉಳಿಯುತ್ತದೆ. ಮೆತ್ತನೆಯ ಖರ್ಜೂರಕ್ಕೆ ಈ ಗುಣವಿಲ್ಲ.

ಈ ಹಣ್ಣು ಒಂದೇ ಸಮುದಾಯದ ಸೊತ್ತೂ ಅಲ್ಲ. ಉತ್ತರ ಕರ್ನಾಟಕದಲ್ಲಿ ಮದುವಣಗಿತ್ತಿಗೆ, ಗರ್ಭಿಣಿಗೆ, ತವರಿಗೆ ಬಂದ ಮಗಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಅಡಿಕೆಯೊಂದಿಗೆ ಉತ್ತತ್ತಿ ಇರಲೇಬೇಕು. ಜಾತ್ರೆಗಳಲ್ಲಿ ತೇರು ಸಾಗುವಾಗ ಭಕ್ತರು ಕಳಸದತ್ತ ಎಸೆಯುವುದು ಬಾಳೆಹಣ್ಣು ಮತ್ತು ಉತ್ತತ್ತಿಯನ್ನೇ. ಮುಸ್ಲಿಮರ ನಿಕಾಹ್ ಮುಗಿದೊಡನೆ ನೆರೆದವರಿಗೆ ಹಂಚುವುದೂ ಇದನ್ನೇ. ಬಾಣಂತಿಯ ಆರೈಕೆಯ ಅಂಟಿನುಂಡೆಯಲ್ಲಿಯೂ ಇದು ಸೇರುತ್ತದೆ. ಒಂದೇ ಕಿರಾಣಿ ಅಂಗಡಿಯ ಒಂದೇ ಚೀಲದಿಂದ ತೂಗಿಕೊಟ್ಟ ಉತ್ತತ್ತಿ ಒಂದು ಮನೆಯಲ್ಲಿ ಉಡಿಗೂ ಇನ್ನೊಂದು ಮನೆಯಲ್ಲಿ ಹಾಲಿಗೂ ಬೀಳುತ್ತದೆ.

ಬೇಕಾಗುವ ಸಾಮಗ್ರಿ

ಕೆಳಗಿನ ಪ್ರಮಾಣ ಹತ್ತರಿಂದ ಹನ್ನೆರಡು ಬಟ್ಟಲುಗಳಿಗೆ ಸಾಕಾಗುತ್ತದೆ. ಮನೆಯಿಂದ ಮನೆಗೆ ಅಳತೆ ವ್ಯತ್ಯಾಸವಾಗುವುದು ಸಹಜ.

- ಕೆನೆಭರಿತ ಹಾಲು: 2 ಲೀಟರ್
- ಉತ್ತತ್ತಿ: 150 ಗ್ರಾಂ (ಸುಮಾರು 18ರಿಂದ 20)
- ಬದಾಮಿ: 50 ಗ್ರಾಂ
- ಗೋಡಂಬಿ: 50 ಗ್ರಾಂ
- ಪಿಸ್ತಾ (ಉಪ್ಪಿಲ್ಲದ್ದು): 25 ಗ್ರಾಂ
- ಚಾರೋಳಿ: 25 ಗ್ರಾಂ
- ಒಣದ್ರಾಕ್ಷಿ: 40 ಗ್ರಾಂ
- ಒಣಕೊಬ್ಬರಿ, ತೆಳುವಾಗಿ ಹೆಚ್ಚಿದ್ದು: 40 ಗ್ರಾಂ
- ಕೂದಲೆಳೆಯಂತಹ ಸಣ್ಣ ಶಾವಿಗೆ: 50 ಗ್ರಾಂ
- ಸಕ್ಕರೆ: 120ರಿಂದ 150 ಗ್ರಾಂ
- ತುಪ್ಪ: 4 ದೊಡ್ಡ ಚಮಚ
- ಏಲಕ್ಕಿ: 6ರಿಂದ 8
- ಕೇಸರಿ ಎಸಳು: ಒಂದು ಚಿಟಿಕೆ (ಬೇಕಿದ್ದಲ್ಲಿ)

ಶಾವಿಗೆಯ ತೂಕ ಉತ್ತತ್ತಿಯ ಮೂರನೆಯ ಒಂದು ಭಾಗ ಮಾತ್ರ ಎಂಬುದನ್ನು ಗಮನಿಸಬೇಕು. ಈ ಅನುಪಾತ ತಲೆಕೆಳಗಾದ ಕ್ಷಣವೇ ಶೀರ್ ಖುರ್ಮಾ ಪಾಯಸವಾಗುತ್ತದೆ. ಕೆಲವರು ಇದಕ್ಕೆ ನೂರು ಗ್ರಾಂ ಖೋವಾ ಬೆರೆಸುತ್ತಾರೆ, ಕೆಲವರು ಒಂದು ಚಮಚ ಗಸಗಸೆಯನ್ನು ಹುರಿದು ಅರೆದು ಹಾಕುತ್ತಾರೆ. ಹಾಲನ್ನು ತಾಳ್ಮೆಯಿಂದ ಕುದಿಸಿದಲ್ಲಿ ಖೋವಾದ ಅಗತ್ಯ ಬೀಳುವುದಿಲ್ಲ.

ಎಮ್ಮೆಯ ಹಾಲು ಈ ಸಿಹಿಗೆ ಹೆಚ್ಚು ಒಗ್ಗುತ್ತದೆ. ಪ್ಯಾಕೆಟ್ ಹಾಲನ್ನು ಬಳಸುವವರು ಶೇ 6ರಷ್ಟು ಕೊಬ್ಬಿನಂಶವಿರುವ ಪೂರ್ಣ ಕೆನೆಭರಿತ ಹಾಲನ್ನೇ ಕೊಳ್ಳುವುದು ಒಳಿತು. ಶಾವಿಗೆಯ ವಿಷಯದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳು ಭಾಗ್ಯಶಾಲಿಗಳು. ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಒಟ್ಟುಗೂಡಿ ಗೋಧಿ ಹಿಟ್ಟಿನಿಂದ ಶಾವಿಗೆ ಹೊಸೆದು ಒಣಗಿಸಿಡುವ ಪದ್ಧತಿ ಇಲ್ಲಿದೆ. ಆ ಶಾವಿಗೆ ಸಣ್ಣದಾಗಿದ್ದಲ್ಲಿ ಶೀರ್ ಖುರ್ಮಾಕ್ಕೂ ಸಲ್ಲುತ್ತದೆ.

ಹಿಂದಿನ ರಾತ್ರಿಯ ಸಿದ್ಧತೆ

ಶೀರ್ ಖುರ್ಮಾದ ಶ್ರಮವೆಲ್ಲ ಒಲೆ ಹೊತ್ತಿಸುವ ಮೊದಲೇ ಮುಗಿಯುತ್ತದೆ. ಉತ್ತತ್ತಿಯನ್ನು ತೊಳೆದು, ಮುಳುಗುವಷ್ಟು ನೀರಿನಲ್ಲಿ ಎಂಟರಿಂದ ಹತ್ತು ಗಂಟೆ ನೆನೆಸಬೇಕು. ಅವಸರವಿದ್ದಲ್ಲಿ ಕುದಿಯುವ ನೀರಿನಲ್ಲಿ ಎರಡು ಗಂಟೆ ಮುಚ್ಚಿಟ್ಟರೂ ನಡೆಯುತ್ತದೆ. ಆದರೆ ರಾತ್ರಿಯಿಡೀ ನೆನೆದ ಉತ್ತತ್ತಿ ಸಮವಾಗಿ ಉಬ್ಬುತ್ತದೆ.

ಬೆಳಿಗ್ಗೆ ಪ್ರತಿಯೊಂದನ್ನೂ ಉದ್ದಕ್ಕೆ ಸೀಳಿ, ಬೀಜ ತೆಗೆದು, ಒಳಭಾಗವನ್ನು ಬೆಳಕಿಗೆ ಹಿಡಿದು ಪರೀಕ್ಷಿಸಬೇಕು. ಹೊರಗೆ ಚೆನ್ನಾಗಿ ಕಂಡ ಉತ್ತತ್ತಿಯ ಒಳಗೆ ಹುಳು ಅಥವಾ ಕಪ್ಪು ಹುಡಿ ಇರುವುದುಂಟು. ಅನಂತರ ಬೆಂಕಿಕಡ್ಡಿಯಷ್ಟು ಸಣ್ಣ ಎಳೆಗಳಾಗಿ ಹೆಚ್ಚಿಕೊಳ್ಳಬೇಕು. ತುಂಡು ದಪ್ಪವಾದರೆ ಹಾಲಿನ ಸಿಹಿ ಒಳಕ್ಕಿಳಿಯುವುದಿಲ್ಲ.

ಬದಾಮಿ ಮತ್ತು ಪಿಸ್ತಾಗಳನ್ನು ನೆನೆಸಿ ಸಿಪ್ಪೆ ತೆಗೆದು, ಅವನ್ನೂ ಉದ್ದುದ್ದ ಹೆಚ್ಚಬೇಕು. ಚಾರೋಳಿಯನ್ನು ಒಂದು ಗಂಟೆ ನೆನೆಸಿ ಬಟ್ಟೆಯಲ್ಲಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಮಧ್ಯಭಾರತದ ಕಾಡುಗಳಿಂದ ಬರುವ ಈ ಪುಟ್ಟ ಬೀಜದಲ್ಲಿ ಎಣ್ಣೆಯಂಶ ಹೆಚ್ಚು. ಹಳೆಯದಾದರೆ ಕಮಟು ವಾಸನೆ ಹಿಡಿಯುತ್ತದೆ. ಕೊಳ್ಳುವಾಗ ಎರಡು ಬೀಜ ಬಾಯಿಗೆ ಹಾಕಿ ನೋಡುವುದರಲ್ಲಿ ಸಂಕೋಚ ಬೇಡ. ಕಮಟಾದ ಒಂದು ಮುಷ್ಟಿ ಚಾರೋಳಿ ಎರಡು ಲೀಟರ್ ಹಾಲನ್ನು ಕೆಡಿಸಬಲ್ಲದು.

ಮಾಡುವ ವಿಧಾನ

ತಳ ದಪ್ಪವಿರುವ ಅಗಲವಾದ ಪಾತ್ರೆಯಲ್ಲಿ ಹಾಲನ್ನು ಕಾಯಿಸಬೇಕು. ಒಂದು ಕುದಿ ಬಂದ ಮೇಲೆ ಉರಿ ತಗ್ಗಿಸಿ, ನಡುನಡುವೆ ಕೈಯಾಡಿಸುತ್ತ, ಬದಿಗೆ ಕಟ್ಟುವ ಕೆನೆಯನ್ನು ಮತ್ತೆ ಹಾಲಿಗೇ ಸೇರಿಸುತ್ತ ಸುಮಾರು 40 ನಿಮಿಷ ಕುದಿಸಬೇಕು. ಎರಡು ಲೀಟರ್ ಹಾಲು ಒಂದೂವರೆ ಲೀಟರಿಗೆ ಇಳಿದರೆ ಸಾಕು. ಅದಕ್ಕಿಂತ ಹೆಚ್ಚು ಇಂಗಿಸಿದರೆ ಅದು ಬಾಸುಂದಿಯತ್ತ ಹೊರಳುತ್ತದೆ.

ಇತ್ತ ಬಾಣಲೆಯಲ್ಲಿ ಎರಡು ಚಮಚ ತುಪ್ಪ ಕಾಯಿಸಿ, ಹೆಚ್ಚಿದ ಉತ್ತತ್ತಿಯನ್ನು ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿದು ಕುದಿಯುವ ಹಾಲಿಗೆ ಹಾಕಬೇಕು. ಉತ್ತತ್ತಿ ಹಾಲಿನಲ್ಲಿ ಕನಿಷ್ಠ 20 ನಿಮಿಷವಾದರೂ ಬೇಯಬೇಕು. ಈ ಹಂತದಲ್ಲಿ ಹಾಲು ತೆಳು ಕೆನೆಬಣ್ಣಕ್ಕೆ ತಿರುಗಿ, ಸಕ್ಕರೆ ಹಾಕುವ ಮೊದಲೇ ಸಿಹಿಯಾಗುತ್ತದೆ.

ಅದೇ ಬಾಣಲೆಯಲ್ಲಿ ಉಳಿದ ತುಪ್ಪ ಹಾಕಿ ಮೊದಲು ಬದಾಮಿ, ಗೋಡಂಬಿಗಳನ್ನೂ ಬಳಿಕ ಪಿಸ್ತಾ, ಚಾರೋಳಿ, ಕೊಬ್ಬರಿಗಳನ್ನೂ ಹುರಿಯಬೇಕು. ಕಡೆಯಲ್ಲಿ ಒಣದ್ರಾಕ್ಷಿ ಉಬ್ಬುವವರೆಗೆ ಬಾಡಿಸಬೇಕು. ದ್ರಾಕ್ಷಿಯನ್ನು ಹೊರತುಪಡಿಸಿ ಉಳಿದೆಲ್ಲವನ್ನೂ ಹಾಲಿಗೆ ಸೇರಿಸಿ ಇನ್ನೈದು ನಿಮಿಷ ಕುದಿಸಬೇಕು. ಶಾವಿಗೆಯನ್ನು ಪ್ರತ್ಯೇಕವಾಗಿ, ಬಾಣಲೆಯಲ್ಲಿ ಉಳಿದ ತುಪ್ಪದ ಪಸೆಯಲ್ಲೇ, ತಿಳಿಗಂದು ಬಣ್ಣ ಬರುವವರೆಗೆ ಹುರಿದಿಟ್ಟುಕೊಳ್ಳಬೇಕು.

ಉತ್ತತ್ತಿ ಹಲ್ಲಿಗೆ ಮೆತ್ತಗಾಗಿದೆಯೆಂದು ಖಚಿತವಾದ ಮೇಲೆ ಸಕ್ಕರೆ ಹಾಕಬೇಕು, ಮೊದಲಲ್ಲ. ಸಕ್ಕರೆ ಕರಗಿದ ನಂತರ ಶಾವಿಗೆ ಸೇರಿಸಿ ಮೂರ್ನಾಲ್ಕು ನಿಮಿಷಕ್ಕೆ ಒಲೆ ಆರಿಸಬೇಕು. ಆಮೇಲೆ ದ್ರಾಕ್ಷಿ, ಏಲಕ್ಕಿ ಪುಡಿ, ಬೆಚ್ಚನೆಯ ಹಾಲಿನಲ್ಲಿ ನೆನೆಸಿದ ಕೇಸರಿ ಬೆರೆಸಿ ಹತ್ತು ನಿಮಿಷ ಮುಚ್ಚಿಡಬೇಕು. ಸೌಟಿನಿಂದ ಎತ್ತಿ ಸುರಿದಾಗ ಧಾರೆಯಾಗಿ ಬೀಳುವುದು ಸರಿಯಾದ ಹದ. ತುಂಡು ತುಂಡಾಗಿ ಬಿದ್ದರೆ ಶಾವಿಗೆ ಹೆಚ್ಚಾಯಿತೆಂದು ತಿಳಿಯಬೇಕು.

ಎಡವುವುದು ಎಲ್ಲಿ?

ಹೊಸದಾಗಿ ಮಾಡುವವರು ಸಾಮಾನ್ಯವಾಗಿ ನಾಲ್ಕು ಕಡೆ ಎಡವುತ್ತಾರೆ.

ಹಾಲು ಒಡೆಯುವುದು: ಒಣದ್ರಾಕ್ಷಿಯ ಹುಳಿಯಂಶ ಅಥವಾ ಹಳೆಯದಾಗಿ ಹುಳಿತ ಉತ್ತತ್ತಿ ಇದಕ್ಕೆ ಕಾರಣ. ದ್ರಾಕ್ಷಿಯನ್ನು ತೊಳೆದು ತುಪ್ಪದಲ್ಲಿ ಬಾಡಿಸಿ, ಒಲೆ ಆರಿಸಿದ ಮೇಲೆಯೇ ಹಾಕುವುದು ಇದರಿಂದಲೇ. ಸಕ್ಕರೆಯ ಬದಲು ಬೆಲ್ಲ ಬಳಸುವವರು ಕುದಿಯುವ ಹಾಲಿಗೆ ನೇರವಾಗಿ ಹಾಕಬಾರದು. ಬೆಲ್ಲದ ಪಾಕವನ್ನು ಸೋಸಿ, ಆರಿಸಿ, ಹಾಲು ಉಗುರುಬೆಚ್ಚಗಾದ ನಂತರ ಬೆರೆಸಬೇಕು.

ತಳ ಹಿಡಿಯುವುದು: ಹಾಲು ತಳ ಹಿಡಿದರೆ ಕೆರೆಯುವ ಗೋಜಿಗೆ ಹೋಗಬಾರದು. ಮೇಲಿನ ಹಾಲನ್ನು ಅಲುಗಿಸದೆ ಬೇರೆ ಪಾತ್ರೆಗೆ ಬಗ್ಗಿಸಿಕೊಂಡು ಮುಂದುವರಿಸಬಹುದು.

ಉತ್ತತ್ತಿ ಗಟ್ಟಿಯಾಗಿ ಉಳಿಯುವುದು: ಸಕ್ಕರೆಯನ್ನು ಬೇಗ ಹಾಕಿದಲ್ಲಿ ಉತ್ತತ್ತಿ ಮೆತ್ತಗಾಗುವುದು ನಿಧಾನವಾಗುತ್ತದೆ. ಹೀಗಾಗಿಯೇ ಸಕ್ಕರೆಗೆ ಕಡೆಯ ಸರದಿ.

ಗಟ್ಟಿ ಮುದ್ದೆಯಾಗುವುದು: ಒಲೆಯಿಂದ ಇಳಿಸಿದ ಮೇಲೂ ಶಾವಿಗೆ ಹಾಲನ್ನು ಹೀರುತ್ತಲೇ ಇರುತ್ತದೆ. ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನದ ಅತಿಥಿಗಳಿಗೆ ಬಡಿಸುವುದಾದರೆ ಒಂದು ಲೋಟ ಬಿಸಿ ಹಾಲನ್ನು ತೆಗೆದಿಟ್ಟುಕೊಂಡು, ಬಡಿಸುವ ಮುನ್ನ ಬೆರೆಸಿಕೊಳ್ಳಬೇಕು. ದೊಡ್ಡ ಪ್ರಮಾಣದಲ್ಲಿ ಮಾಡುವ ಮನೆಗಳಲ್ಲಿ ಶಾವಿಗೆಯನ್ನು ಹುರಿದು ಬೇರೆಯಾಗಿಟ್ಟು, ಪ್ರತಿ ಸರದಿಗೆ ಬೇಕಾದಷ್ಟನ್ನೇ ಬಿಸಿ ಹಾಲಿಗೆ ಹಾಕುವುದು ಜಾಣತನ.

ಬಟ್ಟಲು ಹೋಗುವ ದಾರಿ

ಶೀರ್ ಖುರ್ಮಾವನ್ನು ಮನೆಮಂದಿಗೆ ಸಾಕಾಗುವಷ್ಟೇ ಅಳತೆ ಮಾಡಿ ತಯಾರಿಸುವವರು ಇಲ್ಲವೆಂದೇ ಹೇಳಬೇಕು. ಹಬ್ಬದ ದಿನ ಬಂಧುಗಳು, ಸ್ನೇಹಿತರು, ನೆರೆಹೊರೆಯವರು, ಅಂಗಡಿಯ ಪಾಲುದಾರರು ಬಂದು ಒಂದೊಂದು ಬಟ್ಟಲು ಸವಿದು ಹೋಗುತ್ತಾರೆ. ಬರಲಾಗದವರ ಮನೆಗೆ ಮುಚ್ಚಿದ ಡಬ್ಬಿಗಳು ತೆರಳುತ್ತವೆ. ಮಾಂಸದ ಸೋಂಕಿಲ್ಲದ ಈ ಸಿಹಿ ಸಸ್ಯಾಹಾರಿಗಳ ಮನೆಗೂ ನಿರಾತಂಕವಾಗಿ ಹೋಗಬಲ್ಲದು.

ಕೊಟ್ಟ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸಬಾರದೆಂಬುದು ಕನ್ನಡನಾಡಿನ ಹಳೆಯ ಶಿಷ್ಟಾಚಾರ. ಕಲ್ಯಾಣ ಕರ್ನಾಟಕದಲ್ಲಿ ಆ ಪಾತ್ರೆಗೆ ಮರಳಿ ತುಂಬಲು ತಕ್ಕುದಾದ ಇನ್ನೊಂದು ಒಣಹಣ್ಣಿನ ತಯಾರಿಕೆಯೂ ಇದೆ. ಯುಗಾದಿಯಂದು ದಕ್ಷಿಣದ ಜಿಲ್ಲೆಗಳವರು ಬೇವು-ಬೆಲ್ಲವನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡರೆ, ಇಲ್ಲಿ ‘ಬೇವು’ ಎಂದರೆ ಗುಟುಕರಿಸುವ ಪಾನಕ. ಹುಣಸೆ ರಸ, ಬೆಲ್ಲ, ಮಾವಿನಕಾಯಿ, ಬೇವಿನ ಹೂವು, ಪುಟಾಣಿ ಹಿಟ್ಟಿನೊಂದಿಗೆ ಕೊಬ್ಬರಿ, ಒಣದ್ರಾಕ್ಷಿ, ಉತ್ತತ್ತಿಯಂತಹ ಒಣಹಣ್ಣುಗಳನ್ನು ಕೂಡಿಸಿ ಮಾಡುವ ಇದನ್ನು ಮನೆಗೆ ಬಂದವರಿಗೆಲ್ಲ ಲೋಟ ತುಂಬಿ ಕೊಡುತ್ತಾರೆ.

2024ರಲ್ಲಿ ಯುಗಾದಿ ಏಪ್ರಿಲ್ 9ರಂದು, ರಂಜಾನ್ ಹಬ್ಬ ಏಪ್ರಿಲ್ 11ರಂದು ಬಂದವು. 2025ರಲ್ಲಿ ಯುಗಾದಿ ಮಾರ್ಚ್ 30ರಂದು, ಮರುದಿನವೇ ರಂಜಾನ್. ಬೇವಿನ ಲೋಟ ಮತ್ತು ಶೀರ್ ಖುರ್ಮಾದ ಬಟ್ಟಲು ಒಂದರ ಹಿಂದೊಂದು ಬೀದಿ ದಾಟಿದವು. ಇದು ಕೇವಲ ಆಕಸ್ಮಿಕವಲ್ಲ. ಎರಡೂ ಹಬ್ಬಗಳು ಅಮಾವಾಸ್ಯೆಯ ಬೆನ್ನಿಗೆ ಚಾಂದ್ರಮಾಸದ ಆರಂಭದಲ್ಲಿ ಬರುವಂಥವು. ಹಿಂದೂ ಪಂಚಾಂಗದಲ್ಲಿ ಅಧಿಕಮಾಸ ಸೇರಿಸಿ ಋತುಗಳೊಂದಿಗೆ ಹೊಂದಿಸಲಾಗುತ್ತದೆ. ಹಿಜರಿ ಪಂಚಾಂಗದಲ್ಲಿ ಆ ಪದ್ಧತಿ ಇಲ್ಲದ ಕಾರಣ ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಹೀಗಾಗಿ ಇಂತಹ ಸಾಮೀಪ್ಯ ಸುಮಾರು 33 ವರ್ಷಗಳಿಗೊಮ್ಮೆ ಕೆಲವು ವರ್ಷಗಳ ಮಟ್ಟಿಗೆ ಒದಗುತ್ತದೆ.

ಉತ್ತತ್ತಿ ಬರುತ್ತಿದ್ದ ದಾರಿ

ಇಷ್ಟೆಲ್ಲ ಆಚರಣೆಗಳಿಗೆ ಬೇಕಾದ ಉತ್ತತ್ತಿ ನಮ್ಮ ನೆಲದ ಬೆಳೆಯಲ್ಲ. ದಶಕಗಳ ಕಾಲ ಭಾರತಕ್ಕೆ ಬರುತ್ತಿದ್ದ ಉತ್ತತ್ತಿಯ ಬಹುಪಾಲು ಪಾಕಿಸ್ತಾನದ ಸಿಂಧ್ ಪ್ರಾಂತದ ಖೈರ್‌ಪುರ ಜಿಲ್ಲೆಯದು. ಅಲ್ಲಿ ಬೆಳೆಯುವ ‘ಅಸೀಲ್’ ತಳಿಯ ಖರ್ಜೂರ ಉತ್ತತ್ತಿಗೆ ಹೇಳಿ ಮಾಡಿಸಿದಂಥದು, ಅದಕ್ಕೆ ಭಾರತವೇ ದೊಡ್ಡ ಮಾರುಕಟ್ಟೆಯಾಗಿತ್ತು.

2019ರ ಫೆಬ್ರುವರಿಯಲ್ಲಿ ಪುಲ್ವಾಮಾ ಭಯೋತ್ಪಾದಕ ದಾಳಿಯ ನಂತರ ಭಾರತ ಪಾಕಿಸ್ತಾನದ ಎಲ್ಲ ಸರಕುಗಳ ಮೇಲೆ ಶೇ 200ರಷ್ಟು ಸುಂಕ ವಿಧಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಪಾಕಿಸ್ತಾನವು ದ್ವಿಪಕ್ಷೀಯ ವ್ಯಾಪಾರವನ್ನು ಸ್ಥಗಿತಗೊಳಿಸಿತು. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ಬಳಿಕ, ಮೇ 2ರಂದು ಭಾರತ ಸರ್ಕಾರ ಪಾಕಿಸ್ತಾನ ಮೂಲದ ಸರಕುಗಳ ಆಮದನ್ನು ಸಂಪೂರ್ಣ ನಿಷೇಧಿಸಿತು. ಮೂರನೆಯ ದೇಶದ ಮೂಲಕ ಸುತ್ತಿ ಬರುವ ಸರಕಿಗೂ ಈ ನಿಷೇಧ ಅನ್ವಯಿಸಿತು.

ದೇಶದೊಳಗೆ ಖರ್ಜೂರ ಬೆಳೆಯುವ ಪ್ರಮುಖ ಪ್ರದೇಶವೆಂದರೆ ಗುಜರಾತಿನ ಕಚ್ಛ್. ಅಲ್ಲಿನ ‘ಕಚ್ಛೀ ಖಾರೆಕ್’ಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಆದರೆ ಹಣ್ಣು ಬಲಿಯುವ ಜೂನ್-ಜುಲೈ ತಿಂಗಳಲ್ಲೇ ಮುಂಗಾರು ಕಾಲಿಡುವುದರಿಂದ ಬಹುಪಾಲು ಬೆಳೆಯನ್ನು ಹಳದಿ ಇಲ್ಲವೆ ಕೆಂಪು ಬಣ್ಣದ ತಾಜಾ ಹಣ್ಣಾಗಿಯೇ ಮಾರಲಾಗುತ್ತದೆ. ಬಯಲಿನಲ್ಲಿ ಒಣಗಿಸಲು ಬೇಕಾದ ದಿನಗಟ್ಟಲೆಯ ಬಿಸಿಲು ಆಗ ಸಿಗುವುದಿಲ್ಲ. ಪಶ್ಚಿಮ ಏಷ್ಯಾದಿಂದ ಬರುವ ಖರ್ಜೂರವೂ ಹೆಚ್ಚಿನದು ಮೆತ್ತನೆಯದೇ.

ಅಂತರರಾಷ್ಟ್ರೀಯ ವ್ಯವಹಾರಗಳ ಏರುಪೇರು ಹಬ್ಬದ ಪಾತ್ರೆಯವರೆಗೂ ಇಳಿದುಬರುವುದು ಹೀಗೆ. ಉತ್ತತ್ತಿ ದುಬಾರಿಯಾದಾಗ ಮೊದಲು ಕತ್ತರಿ ಬೀಳುವುದು ಅದರ ಪ್ರಮಾಣಕ್ಕೆ. ಆ ಜಾಗವನ್ನು ಅಗ್ಗದ ಶಾವಿಗೆ ತುಂಬುತ್ತದೆ. ಅಡುಗೆಯವರ ಗಮನಕ್ಕೆ ಬಾರದಂತೆಯೇ ಸಿಹಿಯ ಸ್ವಭಾವ ಬದಲಾಗುತ್ತದೆ.

ಇದಕ್ಕೆ ಮನೆಮಟ್ಟದಲ್ಲಿ ಎರಡು ಉಪಾಯಗಳಿವೆ. ಮೊದಲನೆಯದು, ಉತ್ತತ್ತಿ ಕಡಿಮೆಯಿದ್ದಲ್ಲಿ ಹಾಲನ್ನೂ ಅದೇ ಅನುಪಾತದಲ್ಲಿ ಕಡಿಮೆ ಮಾಡಿ, ಬಟ್ಟಲನ್ನು ಚಿಕ್ಕದಾಗಿಸುವುದು. ಎರಡನೆಯದು, ಮೆತ್ತನೆಯ ಖರ್ಜೂರವನ್ನು ಬಳಸುವುದು. ಆದರೆ ಅದನ್ನು ಉತ್ತತ್ತಿಯಂತೆ ಮೊದಲೇ ಹಾಲಿಗೆ ಹಾಕಿ ಕುದಿಸಿದರೆ ಕರಗಿ, ಹಾಲು ಕಂದಾಗಿ ಅಂಟಾಗುತ್ತದೆ. ಆದ್ದರಿಂದ ಬೀಜ ತೆಗೆದು ಹೆಚ್ಚಿ, ತುಪ್ಪದಲ್ಲಿ ಒಂದು ನಿಮಿಷ ಬಾಡಿಸಿ, ಒಲೆ ಆರಿಸಿದ ಬಳಿಕ ಬೆರೆಸಬೇಕು. ಸಕ್ಕರೆಯನ್ನೂ ಅರ್ಧಕ್ಕೆ ಇಳಿಸಬೇಕು.

ಉಳಿದ ಸಾಮಗ್ರಿಗಳಲ್ಲಿ ನಾಡಿನ ಪಾಲು ಸಾಕಷ್ಟಿದೆ. ಒಣದ್ರಾಕ್ಷಿ ವಿಜಯಪುರ ಜಿಲ್ಲೆಯದು, ಕೊಬ್ಬರಿ ತಿಪಟೂರಿನದು, ಗೋಡಂಬಿ ಕರಾವಳಿಯದು, ಏಲಕ್ಕಿ ಮಲೆನಾಡಿನದು. ಗೋಕಾಕ ಮತ್ತು ಅಮೀನಗಡದ ಕರದಂಟಿಗೆ ಒಣಹಣ್ಣುಗಳ ಜೊತೆ ಅಂಟು ಮತ್ತು ಬೆಲ್ಲ ಹೇಗೋ, ಬೀದರ್ ಸೀಮೆಯ ಶೀರ್ ಖುರ್ಮಾಕ್ಕೆ ಹಾಲು ಮತ್ತು ಉತ್ತತ್ತಿ ಹಾಗೆ.

ಸೇವನೆಯಲ್ಲಿ ಎಚ್ಚರ

ಉತ್ತತ್ತಿಯ ತೂಕದ ಹೆಚ್ಚಿನ ಭಾಗ ಸಕ್ಕರೆಯಂಶವೇ. ಅದರೊಂದಿಗೆ ಹಾಲು, ತುಪ್ಪ, ಬೀಜಗಳು ಸೇರಿದಾಗ ಒಂದು ಬಟ್ಟಲು ಪೂರ್ಣ ತಿಂಡಿಗೆ ಸಮನಾಗುತ್ತದೆ. ಮಧುಮೇಹಿಗಳು ‘ಸಕ್ಕರೆ ಹಾಕಿಲ್ಲ’ ಎಂಬ ಮಾತನ್ನು ನಂಬಿ ಧಾರಾಳವಾಗಿ ಸೇವಿಸುವುದು ಸಲ್ಲದು. ಬೀಜಗಳ ಅಲರ್ಜಿ ಇರುವವರಿಗೆ ಬಡಿಸುವ ಮುನ್ನ ತಿಳಿಸಬೇಕು. ಚಿಕ್ಕ ಮಕ್ಕಳಿಗೆ ಕೊಡುವಾಗ ಇಡೀ ಗೋಡಂಬಿ, ಬದಾಮಿಗಳನ್ನು ತೆಗೆದುಹಾಕಬೇಕು, ಗಂಟಲಲ್ಲಿ ಸಿಲುಕುವ ಅಪಾಯವಿದೆ.

ಹಬ್ಬ ಬೇಸಿಗೆಯಲ್ಲಿ ಬಂದಾಗ ಹಾಲಿನ ಪದಾರ್ಥವನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದು. ಆರಿಸಿ ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಬಾಳುತ್ತದೆ. ತಣ್ಣಗೆ ತಿನ್ನುವುದನ್ನು ಇಷ್ಟಪಡುವವರೂ ಅನೇಕರಿದ್ದಾರೆ. ನೆರೆಮನೆಗೆ ಕಳುಹಿಸುವುದಾದರೆ ಬಿಸಿಯಿರುವಾಗಲೇ ಕಳುಹಿಸುವುದು ಕ್ಷೇಮ.

ಯಾವುದೇ ಹಬ್ಬಕ್ಕೆ ಕಾಯದೆ, ಮುಂದಿನ ವಾರಾಂತ್ಯದಲ್ಲೇ ಶೀರ್ ಖುರ್ಮಾ ಮಾಡಿ ನೋಡಬಯಸುವ ಓದುಗರಿಗೆ ಒಂದು ಮಾತು. ಶಾವಿಗೆಯ ಪೊಟ್ಟಣಕ್ಕಿಂತ ಮೊದಲು ಒಳ್ಳೆಯ ಉತ್ತತ್ತಿ ಹುಡುಕಿ ತನ್ನಿ. ಅದನ್ನು ರಾತ್ರಿಯೇ ನೆನೆಸಿ. ಮಾಡುವಾಗ ಮನೆಯಲ್ಲಿರುವವರ ಲೆಕ್ಕಕ್ಕಿಂತ ನಾಲ್ಕು ಬಟ್ಟಲು ಹೆಚ್ಚಿಗೆ ಮಾಡಿ. ಆ ನಾಲ್ಕು ಬಟ್ಟಲುಗಳು ಎಲ್ಲಿಗೆ ಹೋಗಬೇಕೆಂಬುದನ್ನು ಬಸವಕಲ್ಯಾಣ, ಹುಮನಾಬಾದ್‌ಗಳ ಮನೆಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.